'ಹೌದಿಲ್ಲೋ' ಎಲ್ಲಾ ಕಡೆ ನಡೆಯುವುದಿಲ್ಲ

ಕೊಪ್ಪಳ

ಚಿರಂಜೀವಿ ಅಪ್ಪಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಸಿಂಧನೂರಿನಲ್ಲಿ ನೀವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ನಿನ್ನ ಅರ್ಧವಾರ್ಷಿಕ ಇಂಗ್ಲಿಷ್ ಉತ್ತರಪತ್ರಿಕೆಯ ಫೋಟೊಗಳನ್ನು ನಿಮ್ಮಪ್ಪ ಕಳಿಸಿದ್ದ. ಎರಡು ಸಲ ಓದಿದೆ. 80ಕ್ಕೆ 41. ಬೈಯಲಿಕ್ಕೆ ಬರೆಯುತ್ತಿಲ್ಲ, ಹೆದರಬೇಡ. ಪಾಠದ ಪ್ರಶ್ನೆಗಳಿಗೆ ಚೆನ್ನಾಗಿಯೇ ಬರೆದಿದ್ದೀ, ಪದ್ಯದ ಸಾಲುಗಳೂ ಕಂಠಪಾಠ ಆಗಿವೆ. ಅಂಕ ಸೋರಿಹೋಗಿರುವುದು ವ್ಯಾಕರಣದಲ್ಲಿ, ಶಬ್ದಗಳಲ್ಲಿ, ಗದ್ಯಭಾಗ ಓದಿ ಉತ್ತರ ಬರೆಯುವ ಕಡೆ. ಕಿವಿಯಲ್ಲಿ ಕನ್ನಡ ಕೂತಿದೆ, ಕೈ ಇಂಗ್ಲಿಷ್ ಬರೆಯುತ್ತಿದೆ. ಎರಡರ ದಾರಿ ಬೇರೆಯಾಗುವ ಕಡೆಯಲ್ಲೆಲ್ಲ ನೀನು ಜಾರಿದ್ದೀ. ಅಂಥ ಜಾಗಗಳು ಬೆರಳಲ್ಲಿ ಎಣಿಸುವಷ್ಟೇ ಇವೆ. ಮಾರ್ಚ್ ಪರೀಕ್ಷೆ ಬರುವುದರೊಳಗೆ ಎಲ್ಲವನ್ನೂ ಗಟ್ಟಿ ಮಾಡಿಕೊಳ್ಳಬಹುದು.

ಮೊದಲು ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಕೊನೆಗೆ ಬಾಲದ ಹಾಗೆ ಹಚ್ಚುವ ಪುಟ್ಟ ಪ್ರಶ್ನೆ. ನಮ್ಮ ಕಡೆ 'ಹೌದಿಲ್ಲೋ' ಅಂದರೆ ಮುಗಿಯಿತು. 'ಅವ ಬಂದಾನ, ಹೌದಿಲ್ಲೋ', 'ನೀವು ಬರ್ತೀರಿ, ಹೌದಿಲ್ಲೋ', 'ನಿನ್ನೆ ಮಳಿ ಬರಲಿಲ್ಲ, ಹೌದಿಲ್ಲೋ'. ಯಾವ ವಾಕ್ಯಕ್ಕಾದರೂ ಅದೇ ಬಾಲ. ಅದಕ್ಕೇ ನೀನು ಸಿಕ್ಕಲ್ಲೆಲ್ಲ 'ಇಸಂಟ್ ಇಟ್' ಹಚ್ಚಿಬಿಟ್ಟಿದ್ದೀ. ಇಂಗ್ಲಿಷಿನಲ್ಲಿ ಬಾಲವನ್ನು ವಾಕ್ಯದ ಕ್ರಿಯಾಪದದಿಂದಲೇ ತೆಗೆಯಬೇಕು. ವಾಕ್ಯದಲ್ಲಿ ಈಸ್, ವಾಸ್, ಹ್ಯಾಸ್, ಕ್ಯಾನ್, ವಿಲ್ ಇಂಥ ಸಹಾಯಕ ಕ್ರಿಯಾಪದ ಇದ್ದರೆ ಅದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕು, ಅದನ್ನೇ ಕೆಳಗೆ ಇಳಿಸು. 'ಶೀ ಕ್ಯಾನ್ ಸಿಂಗ್' ಇದ್ದರೆ 'ಕಾಂಟ್ ಶೀ'. ಅಂಥದ್ದು ಇಲ್ಲದಿದ್ದರೆ ಕ್ರಿಯಾಪದದ ರೂಪ ನೋಡು: 'ಗೋ' ಇದ್ದರೆ ಡು, 'ಗೋಸ್' ಇದ್ದರೆ ಡಸ್, 'ವೆಂಟ್' ಇದ್ದರೆ ಡಿಡ್. ಆಮೇಲೆ ಹೌದನ್ನು ಇಲ್ಲ ಮಾಡು, ಇಲ್ಲವನ್ನು ಹೌದು ಮಾಡು. ಕೊನೆಗೆ ಹೆಸರಿನ ಬದಲು ಹೀ, ಶೀ, ಇಟ್, ದೇ. ಈ ಕ್ರಮ ತಪ್ಪಿಸಬೇಡ.

ಹಳ್ಳ ಇರುವುದು ಬೇರೆ ಕಡೆ. 'ಹಾರ್ಡ್ಲಿ', 'ಸೆಲ್ಡಮ್', 'ನೆವರ್' ಇದ್ದ ವಾಕ್ಯದಲ್ಲಿ 'ನಾಟ್' ಕಾಣದಿದ್ದರೂ ಅದು ಇಲ್ಲ ಎನ್ನುವ ವಾಕ್ಯವೇ. 'ಹೀ ನೆವರ್ ಟೆಲ್ಸ್ ಲೈಸ್' ಅಂದರೆ ಬಾಲ 'ಡಸ್ ಹೀ'. 'ಹೀ ಹ್ಯಾಡ್ ಹಿಸ್ ಲಂಚ್' ಅಂತ ಇದ್ದರೆ ಅಲ್ಲಿ 'ಹ್ಯಾಡ್' ಅಂದರೆ ಉಂಡ ಅಂತ, ಅದೇ ಮುಖ್ಯ ಕ್ರಿಯಾಪದ. ಬಾಲ 'ಡಿಡಂಟ್ ಹೀ'. 'ಐ ಆ್ಯಮ್' ಇದ್ದರೆ 'ಆರಂಟ್ ಐ', 'ಲೆಟ್ಸ್' ಇದ್ದರೆ 'ಶಲ್ ವೀ'. ಈ ಎರಡಕ್ಕೆ ಕಾರಣ ಹುಡುಕುತ್ತ ಕೂಡಬೇಡ, ಬಾಯಿಪಾಠ ಮಾಡಿಬಿಡು.

ಎರಡನೆಯದು ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ನಾವು ಇನ್ನೊಬ್ಬರಿಗೆ ಹೇಳುವುದು. ಕನ್ನಡದಲ್ಲಿ 'ಅಂತ' ಎಂಬ ಎರಡಕ್ಷರ ನಮ್ಮನ್ನು ಕಾಯುತ್ತದೆ. 'ನಾನು ನಾಳೆ ಬರ್ತೀನಿ ಅಂತ ಅವ ಅಂದ'. ಅವನು ಆಡಿದ ಮಾತು ಹಾಗೇ ಉಳಿಯಿತು, ಹಿಂದೆ ಒಂದು 'ಅಂತ' ಬಂತು, ಕೆಲಸ ಮುಗಿಯಿತು. ಇಂಗ್ಲಿಷಿಗೆ ಈ ಅನುಕೂಲ ಇಲ್ಲ. ಅಲ್ಲಿ 'ಐ' ಹೋಗಿ 'ಹೀ' ಆಗಬೇಕು, 'ವಿಲ್' ಹೋಗಿ 'ವುಡ್' ಆಗಬೇಕು, 'ಟುಮಾರೋ' ಹೋಗಿ 'ದ ನೆಕ್ಸ್ಟ್ ಡೇ' ಆಗಬೇಕು. ನೀನು ಒಂದನ್ನು ಬದಲಿಸಿ ಎರಡನ್ನು ಮರೆತಿದ್ದೀ. ಆದ್ದರಿಂದ ಉತ್ತರ ಬರೆಯುವ ಮೊದಲು ಕೊಟ್ಟ ವಾಕ್ಯದ ಮೇಲೆಯೇ ಮೂರು ಗೆರೆ ಎಳೆ: ಸರ್ವನಾಮದ ಕೆಳಗೆ, ಕ್ರಿಯಾಪದದ ಕೆಳಗೆ, ಕಾಲ ಹೇಳುವ ಶಬ್ದದ ಕೆಳಗೆ. ಗೆರೆ ಎಳೆದದ್ದೆಲ್ಲ ಬದಲಾಗಿದೆಯೇ ಅಂತ ಬರೆದ ಮೇಲೆ ತಾಳೆ ನೋಡು. ಕೇಳಿದ ಪ್ರಶ್ನೆಯನ್ನು ವರದಿ ಮಾಡುವಾಗ ಶಬ್ದಗಳ ಸಾಲೂ ಸರಿಯಾಗಬೇಕು. 'ವೇರ್ ಆರ್ ಯೂ ಗೋಯಿಂಗ್' ಎಂಬುದು 'ಹೀ ಆಸ್ಕ್ಡ್ ಮೀ ವೇರ್ ಐ ವಾಸ್ ಗೋಯಿಂಗ್' ಆಗುತ್ತದೆ. ನೀನು 'ವೇರ್ ವಾಸ್ ಐ ಗೋಯಿಂಗ್' ಅಂತ ಬರೆದಿದ್ದೀ. ಅದು ಇನ್ನೂ ಪ್ರಶ್ನೆಯಾಗಿಯೇ ನಿಂತಿದೆ.

ಇಫ್ ವಾಕ್ಯಗಳಲ್ಲಿ ಮಾತ್ರ ಕನ್ನಡ ನಿನ್ನ ಕೈ ಹಿಡಿಯುತ್ತದೆ. 'ಮಳಿ ಬಂದ್ರ ಬೆಳಿ ಬರ್ತದ' ಮತ್ತು 'ಮಳಿ ಬಂದಿದ್ರ ಬೆಳಿ ಬರ್ತಿತ್ತು', ಇವೆರಡರ ಫರಕು ನಿನಗೆ ಯಾರೂ ಕಲಿಸಿಕೊಡಬೇಕಿಲ್ಲ. ಮೊದಲನೆಯದಕ್ಕೆ 'ಇಫ್ ಇಟ್ ರೇನ್ಸ್', ಮುಂದೆ 'ವಿಲ್'. ಎರಡನೆಯದಕ್ಕೆ 'ಇಫ್ ಇಟ್ ಹ್ಯಾಡ್ ರೇನ್ಡ್', ಮುಂದೆ 'ವುಡ್ ಹ್ಯಾವ್'. ಇಫ್ ಇರುವ ಅರ್ಧದೊಳಗೆ ವಿಲ್ ಹಾಕದಿದ್ದರೆ ಸಾಕು.

ಎ ಮತ್ತು ಆ್ಯನ್ ತಪ್ಪಿರುವುದಕ್ಕೆ ಕಾರಣ ನಮ್ಮ ನಾಲಿಗೆ. ನಾವು 'ಯೆಗ್ಗು' ಅಂತೇವೆ, ಇಂಗ್ಲಿಷಿನವರು 'ಎಗ್' ಅಂತಾರೆ. ಯಕಾರ ಕಿವಿಗೆ ಬಿದ್ದದ್ದರಿಂದ ನೀನು 'ಎ ಎಗ್' ಬರೆದೆ. ಸ್ವರದಿಂದ ಶುರುವಾಗುವ ಉಚ್ಚಾರಕ್ಕೆ ಆ್ಯನ್, ಅಕ್ಷರ ಯಾವುದೇ ಇರಲಿ. ಆ್ಯನ್ ಅವರ್, ಆ್ಯನ್ ಎಮ್ಮೆಲ್ಲೆ. ಆದರೆ ಎ ಯೂನಿವರ್ಸಿಟಿ, ಎ ಒನ್ ರುಪೀ ಕಾಯಿನ್. 'ಒನ್' ಎಂಬುದರ ಉಚ್ಚಾರ ವಕಾರದಿಂದ ಶುರುವಾಗುತ್ತದೆ, ಬಾಯಿಬಿಟ್ಟು ಹೇಳಿ ನೋಡು.

ಸಿಲೆಬಲ್ ಅಂದರೆ ಶಬ್ದದೊಳಗಿನ ಉಚ್ಚಾರದ ತುಣುಕು, ಅವನ್ನು ಎಣಿಸುವ ಪ್ರಶ್ನೆಯದೂ ಇದೇ ಕಥೆ. 'ಬಸ್ಸು' ಅಂತ ಎಣಿಸಿದರೆ ಎರಡು, 'ಇಸ್ಕೂಲು' ಅಂತ ಎಣಿಸಿದರೆ ಮೂರು. ಇಂಗ್ಲಿಷಿನಲ್ಲಿ ಬಸ್ ಒಂದು, ಸ್ಕೂಲ್ ಕೂಡ ಒಂದೇ. ಕೊನೆಗೆ ನಾವು ಅಂಟಿಸುವ ಉಕಾರವನ್ನೂ ಮೊದಲಿಗೆ ಅಂಟಿಸುವ ಇಕಾರವನ್ನೂ ಕಿತ್ತು ಹಾಕಿ, ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ನಿಧಾನ ಹೇಳು. ದವಡೆ ಎಷ್ಟು ಸಲ ಕೆಳಗಿಳಿಯುತ್ತದೋ ಹೆಚ್ಚು ಕಡಿಮೆ ಅಷ್ಟು ಸಿಲೆಬಲ್. ಪರೀಕ್ಷೆಯ ಕೋಣೆಯಲ್ಲೂ ಸದ್ದಿಲ್ಲದೆ ಮಾಡಬಹುದು.

ಇನ್ನು ಶಬ್ದಗಳು. ಗೈಡಿನ ಹಿಂದಿರುವ ಶಬ್ದಪಟ್ಟಿಯನ್ನು ಉರು ಹೊಡೆಯುವುದು ಬಿಡು. ಅರ್ಥ ಗೊತ್ತಿದ್ದೂ ವಾಕ್ಯದಲ್ಲಿ ಕೂಡಿಸಲು ಬಾರದಿದ್ದರೆ ಆ ಶಬ್ದ ನಿನ್ನದಾಗಿಲ್ಲ. 200 ಪುಟದ ಒಂದು ನೋಟ್‌ಬುಕ್ ಇಟ್ಟುಕೋ, ದಿನಕ್ಕೆ ಆರೇ ಶಬ್ದ, ಸೋಮವಾರದಿಂದ ಶುಕ್ರವಾರದವರೆಗೆ. ಶನಿವಾರ ಮತ್ತು ಭಾನುವಾರ ಹೊಸ ಶಬ್ದ ಬೇಡ. ಪ್ರತಿ ಶಬ್ದದ ಮುಂದೆ ಕನ್ನಡದ ಅರ್ಥ, ಅದು ನಾಮಪದವೋ ಕ್ರಿಯಾಪದವೋ ಎಂಬುದು, ಅದರ ಜೊತೆ ಬರುವ ಇನ್ನೊಂದು ಶಬ್ದ, ಆಮೇಲೆ ನಿನ್ನದೇ ಒಂದು ವಾಕ್ಯ. ಜೊತೆ ಬರುವ ಶಬ್ದ ಬರೆಯುವುದು ಯಾಕೆಂದರೆ ಕೊಲೊಕೇಶನ್ ಪ್ರಶ್ನೆ ಅದನ್ನೇ ಕೇಳುತ್ತದೆ. ನಮ್ಮಲ್ಲಿ ಮಳೆ ಜೋರು. ಅವರಲ್ಲಿ 'ಹೆವಿ ರೇನ್', 'ಸ್ಟ್ರಾಂಗ್ ರೇನ್' ಅಲ್ಲ. ನಾವು ತಪ್ಪನ್ನೂ ಮಾಡುತ್ತೇವೆ, ಮನೆಪಾಠವನ್ನೂ ಮಾಡುತ್ತೇವೆ. ಅವರು 'ಮೇಕ್ ಎ ಮಿಸ್ಟೇಕ್' ಅಂತಾರೆ, 'ಡೂ ಹೋಮ್‌ವರ್ಕ್' ಅಂತಾರೆ. ಕನ್ನಡದ ಒಂದು 'ಮಾಡು' ಅಲ್ಲಿ ಎರಡಾಗಿ ಒಡೆಯುತ್ತದೆ.

ಬರೆದ ಶಬ್ದವನ್ನು ಮರುದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ತಿರುಗಿ ನೋಡು. ನೋಡುವುದು ಅಂದರೆ ಕಣ್ಣಾಡಿಸುವುದಲ್ಲ. ಇಂಗ್ಲಿಷ್ ಭಾಗವನ್ನು ಅಂಗೈಯಿಂದ ಮುಚ್ಚಿ, ಕನ್ನಡ ನೋಡಿ, ಶಬ್ದವನ್ನು ಸ್ಪೆಲಿಂಗ್ ಸಮೇತ ಬರೆದು, ಆಮೇಲೆ ಕೈ ತೆಗೆ. ಕಲಿತದ್ದರಲ್ಲಿ ಹೆಚ್ಚಿನ ಭಾಗ ಮೊದಲ ಒಂದೆರಡು ದಿನಗಳಲ್ಲೇ ಜಾರುತ್ತದೆ ಎಂಬುದನ್ನು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ. ಹಾಗಾಗಿ ಮರುದಿನದ ಸುತ್ತನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡ.

ಗದ್ಯಭಾಗದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಿನಗೆ ಪೂರ್ತಿ ಅಂಕ ಬರಬೇಕಿತ್ತು, ಉತ್ತರವೆಲ್ಲ ಅಲ್ಲೇ ಅಚ್ಚಾಗಿರುತ್ತದಲ್ಲ. ನಿನಗೆ ಗೊತ್ತಿರುವ ಸಂಗತಿಯನ್ನೇ ಇಟ್ಟುಕೊಂಡು ತೋರಿಸುತ್ತೇನೆ, ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದದ್ದು. ಗದ್ಯಭಾಗ ಹೀಗಿದೆ ಅಂತ ತಿಳಿ:

'ಆನ್ ದ ನೈಟ್ ಆಫ್ 10 ಆಗಸ್ಟ್ 2024, ದ ಚೈನ್ ಆಫ್ ದ ನೈನ್‌ಟೀಂತ್ ಗೇಟ್ ಸ್ನ್ಯಾಪ್ಡ್ ಆ್ಯಂಡ್ ದ ಗೇಟ್ ವಾಸ್ ವಾಶ್ಡ್ ಅವೇ. ದ ಅದರ್ ಗೇಟ್ಸ್ ವರ್ ಓಪನ್ಡ್ ಟು ರೆಡ್ಯೂಸ್ ದ ಪ್ರೆಶರ್. ವಿದಿನ್ ಅಬೌಟ್ ಎ ವೀಕ್, ವರ್ಕರ್ಸ್ ಕ್ಲೋಸ್ಡ್ ದ ಗ್ಯಾಪ್ ವಿತ್ ಸ್ಟೀಲ್ ಪ್ಲೇಟ್ಸ್. ದೇ ವರ್ಕ್ಡ್ ಅಬೌವ್ ರಶಿಂಗ್ ವಾಟರ್.'

ಮೊದಲು ಪ್ರಶ್ನೆಗಳನ್ನು ಓದು, ಆಮೇಲೆ ಗದ್ಯ. ಏನು ಹುಡುಕಬೇಕು ಅಂತ ಗೊತ್ತಿದ್ದು ಓದಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. 'ಹೌ ಡಿಡ್ ದ ವರ್ಕರ್ಸ್ ಕ್ಲೋಸ್ ದ ಗ್ಯಾಪ್' ಅಂತ ಕೇಳಿದರೆ ಉತ್ತರದಲ್ಲಿ 'ಕ್ಲೋಸ್ಡ್' ಬರಬೇಕು. ಪ್ರಶ್ನೆಯೊಳಗಿನ 'ಡಿಡ್' ಭೂತಕಾಲವನ್ನು ನುಂಗಿ ಕೂತಿರುತ್ತದೆ. ಉತ್ತರದಲ್ಲಿ ಡಿಡ್ ಬಿಡುವಾಗ ಆ ಕಾಲವನ್ನು ಕ್ರಿಯಾಪದಕ್ಕೆ ಮರಳಿಸಬೇಕು. ನೀನು ನಾಲ್ಕು ಕಡೆ 'ಡಿಡ್ ಕ್ಲೋಸ್' ತರಹವೇ ಬರೆದಿದ್ದೀ. 'ದೇ' ಯಾರನ್ನು ಹೇಳುತ್ತದೆ ಅಂತ ಕೇಳಿದರೆ ಹಿಂದಿನ ವಾಕ್ಯಕ್ಕೆ ಹೋಗು. ಅಲ್ಲಿ ಬಹುವಚನ ಎರಡಿವೆ, ವರ್ಕರ್ಸ್ ಮತ್ತು ಪ್ಲೇಟ್ಸ್. ಹತ್ತಿರದ್ದು ಅಂತ ಪ್ಲೇಟ್ಸ್ ಬರೆದರೆ ಕೆಟ್ಟಿತು. 'ದೇ' ತೆಗೆದು ಆ ಜಾಗದಲ್ಲಿ ಒಂದೊಂದನ್ನೇ ಇಟ್ಟು ಓದು. ಕೆಲಸ ಮಾಡುವವರು ಕೆಲಸಗಾರರು, ಪ್ಲೇಟುಗಳಲ್ಲ. 'ಬ್ರೋಕ್ ಸಡನ್ಲಿ' ಎಂಬ ಅರ್ಥದ ಶಬ್ದ ಹುಡುಕು ಅಂದರೆ 'ಸ್ನ್ಯಾಪ್ಡ್' ಅಂತಲೇ ಬರೆ, 'ಸ್ನ್ಯಾಪ್' ಅಲ್ಲ. ಗದ್ಯದಲ್ಲಿರುವ ರೂಪವನ್ನೇ ಇಳಿಸಬೇಕು.

ಆ ಮೊದಲ ಸಾಲಿನಲ್ಲೇ ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ ಕೂಡ ಇದೆ ನೋಡು. ಕನ್ನಡದಲ್ಲಿ 'ಗೇಟು ಕೊಚ್ಚಿಹೋಯಿತು' ಅಂತೇವೆ, ಯಾರು ಕೊಚ್ಚಿದರು ಅಂತ ಕೇಳುವುದಿಲ್ಲ. ಅದೇ ಗುಂಗಿನಲ್ಲಿ 'ದ ಗೇಟ್ ವಾಶ್ಡ್ ಅವೇ' ಅಂತ ಬರೆದರೆ ಗೇಟನ್ನು ಬೇರೆ ಯಾವುದೋ ಕೊಚ್ಚಿತು ಎಂಬುದು ಕಾಣುವುದಿಲ್ಲ. ಪ್ಯಾಸಿವ್ ಆಗಬೇಕಾದರೆ 'ವಾಸ್' ಬೇಕು. ಕನ್ನಡದಲ್ಲಿ 'ಹೋಯಿತು', 'ಆಯಿತು' ಬರುವ ಎಷ್ಟೋ ಕಡೆ ಇಂಗ್ಲಿಷಿಗೆ ಈಸ್, ವಾಸ್, ಬೀನ್ ಇವುಗಳಲ್ಲೊಂದು ಬೇಕಾಗುತ್ತದೆ. ಹಾಗಂತ ಎಲ್ಲ ಕಡೆ ಅಲ್ಲ. 'ಬಸ್ಸು ಹೋಯಿತು' ಎಂಬುದಕ್ಕೆ 'ದ ಬಸ್ ಲೆಫ್ಟ್' ಸಾಕು. ಕೆಲಸ ಬೇರೆ ಯಾರೋ ಅಥವಾ ಯಾವುದೋ ಮಾಡಿತೇ ಎಂಬ ಪ್ರಶ್ನೆ ಹಾಕಿಕೋ.

ದಿನಕ್ಕೆ 40 ನಿಮಿಷಕ್ಕಿಂತ ಹೆಚ್ಚು ಇಂಗ್ಲಿಷಿಗೆ ಕೊಡಬೇಡ, ಗಣಿತ ಮತ್ತು ವಿಜ್ಞಾನವೂ ಇವೆ. ಅದರಲ್ಲಿ 10 ನಿಮಿಷ ಶಬ್ದ, 15 ನಿಮಿಷ ವ್ಯಾಕರಣದ 10 ವಾಕ್ಯ, ಉಳಿದ 15 ನಿಮಿಷದಲ್ಲಿ 120ರಿಂದ 150 ಶಬ್ದದ ಒಂದು ಗದ್ಯಭಾಗ. ವ್ಯಾಕರಣದಲ್ಲಿ ಮೊದಲ ಮೂರು ದಿನ ಒಂದೇ ವಿಷಯ ಹಿಡಿ, ನಾಲ್ಕನೇ ದಿನದಿಂದ ಹಳೆಯದರ ಜೊತೆ ಕಲಸಿಬಿಡು. ಇಪ್ಪತ್ತು ವಾಯ್ಸ್ ವಾಕ್ಯ ಸಾಲಾಗಿ ಮಾಡಿದರೆ ಕೊನೆಕೊನೆಗೆ ಕೈ ತಾನೇ ಬರೆಯುತ್ತದೆ, ತಲೆ ಮಲಗಿರುತ್ತದೆ. ಭಾನುವಾರ ಮಾತ್ರ ಈ ಲೆಕ್ಕ ಬಿಟ್ಟು, ಪರೀಕ್ಷಾ ಮಂಡಳಿಯ ಜಾಲತಾಣದ ಒಂದು ಮಾದರಿ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಮೂರು ತಾಸು ಕೂತು ಬರೆ. ಗೈಡ್ ಮಾಳಿಗೆಯ ಮೇಲಿರಲಿ, ಬರೆದು ಮುಗಿಸಿದ ಮೇಲೆ ಇಳಿಸು.

ತಪ್ಪಿನದೊಂದು ಬೇರೆ ನೋಟ್‌ಬುಕ್ ಮಾಡು. ತಪ್ಪಿದ ವಾಕ್ಯವನ್ನು ಹಾಗೇ ಬರೆದು, ಕೆಳಗೆ ಸರಿಯಾದದ್ದು, ಅದರ ಕೆಳಗೆ ಯಾಕೆ ತಪ್ಪಿತು ಅಂತ ಕನ್ನಡದಲ್ಲಿ ಒಂದೇ ಸಾಲು. 'ಡಿಡ್ ನುಂಗಿದ್ದನ್ನು ಮರಳಿಸಲಿಲ್ಲ', 'ಟುಮಾರೋ ಮರೆತೆ', ಹೀಗೆ. 'ಗಮನ ಇರಲಿಲ್ಲ' ಅಂತ ಮಾತ್ರ ಬರೆಯಬೇಡ, ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ಕಾರಣ ಮೂರು ಸಲ ಬಂದರೆ ಮುಂದಿನ ವಾರದ ವ್ಯಾಕರಣಕ್ಕೆ ಅದನ್ನೇ ಹಿಡಿ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅಪ್ಪನ ಜೊತೆ ಬರುತ್ತೀಯಲ್ಲ, ಆ ತಪ್ಪಿನ ನೋಟ್‌ಬುಕ್ ಬ್ಯಾಗಿಗೆ ಹಾಕಿಕೊಂಡು ಬಾ. ತೇರು ನೋಡಿ ಬಂದ ಮೇಲೆ ಸಂಜೆ ಇಬ್ಬರೂ ಕೂತು ನೋಡೋಣ. ಅವ್ವನಿಗೆ, ಅಜ್ಜನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ
ನಿನ್ನ ಅತ್ತೆ