ಬ್ಯಾರೆಲ್ ಉದ್ದ: ತಪ್ಪು ಲೆಕ್ಕ ಬೇಡ

ಮಾನ್ಯ ಸಂಪಾದಕರೇ,

ರೈಫಲ್‌ನ ಬ್ಯಾರೆಲ್ (ನಳಿಗೆ) ಉದ್ದವಾದಷ್ಟೂ ಗುರಿ ನಿಖರ ಎಂಬುದು ತಪ್ಪು ತಿಳಿವಳಿಕೆ. ಉದ್ದದಿಂದ ಹೆಚ್ಚುವುದು ಗುಂಡಿನ ವೇಗ; .223 ಅಳತೆಯ ಗುಂಡಿನ ರೈಫಲ್‌ನಲ್ಲಿ ಬ್ಯಾರೆಲ್‌ನ ಪ್ರತಿ ಹೆಚ್ಚುವರಿ ಇಂಚಿಗೆ ವೇಗ ಏರುವುದು ಸೆಕೆಂಡಿಗೆ ಸುಮಾರು 25ರಿಂದ 50 ಅಡಿ, ಅಷ್ಟೇ. ರೈಫಲ್, ಪಿಸ್ತೂಲು, ಶಾಟ್‌ಗನ್‌ನಂಥ ಹಲವು ಬಂದೂಕು ಬಳಸುವ ಮಲ್ಟಿಗನ್ ಸ್ಪರ್ಧೆಯಲ್ಲಿ ಓಡುತ್ತಾ, ಹತ್ತಿರದ ಗುರಿಗಳತ್ತ ಸರಸರನೆ ತಿರುಗಿಸುತ್ತಾ ಹೊಡೆಯಬೇಕು. ಅಲ್ಲಿ 20 ಇಂಚಿನ ಬ್ಯಾರೆಲ್‌ನ ಮೂತಿಭಾರ ಕಾಡುತ್ತದೆ.

ಹಲವರು 18 ಇಂಚು ಆರಿಸುವುದಕ್ಕೆ ಕಾರಣವೇ ಬೇರೆ. ಎಆರ್-15 ಮಾದರಿಯ ರೈಫಲ್‌ನಲ್ಲಿ ಗುಂಡಿನ ಹಿಂದಿನ ಅನಿಲವನ್ನು ಒಂದು ಗ್ಯಾಸ್ ಕೊಳವೆ ಹಿಂದಕ್ಕೆ ತಂದು ಮುಂದಿನ ಗುಂಡು ಏರಿಸುತ್ತದೆ; 18 ಇಂಚಿಗೆ ‘ರೈಫಲ್ ಉದ್ದ’ ಎನ್ನುವ ಅತಿ ಉದ್ದನೆಯ ಕೊಳವೆ ಹೊಂದುತ್ತದೆ. ಬ್ಯಾರೆಲ್‌ನಿಂದ ಅನಿಲ ಕೊಳವೆಗೆ ನುಗ್ಗುವ ರಂಧ್ರ ದೂರವಿರುವುದರಿಂದ ಅನಿಲದ ಒತ್ತಡ ಇಳಿದಿರುತ್ತದೆ, ಒದೆತವೂ ಮೃದು. ಆದರೆ ರಂಧ್ರ ತೀರಾ ಕಿರಿದಾಗಿದ್ದು ಮದ್ದೂ ದುರ್ಬಲವಾದರೆ ಗುಂಡು ತಳ್ಳುವ ಭಾಗವಾದ ಬೋಲ್ಟ್ ಪೂರ್ತಿ ಹಿಂದೆ ಸರಿಯದು, ಮುಂದಿನ ಗುಂಡು ಏರದು. ದೂರದ ಗುರಿಗಳು ಅಪರೂಪವಾದರೆ 16 ಇಂಚು, ಮಧ್ಯಮ ಉದ್ದದ ಗ್ಯಾಸ್ ಕೊಳವೆ ಧಾರಾಳ ಸಾಕು. ಒದೆತ ತಗ್ಗಿಸಲು ಬ್ಯಾರೆಲ್ ತುದಿಗೆ ಸಿಕ್ಕಿಸುವ ಮಜಲ್ ಬ್ರೇಕ್ ಕೂಡ ಮೂತಿಗೆ ಉದ್ದ, ತೂಕ ಎರಡನ್ನೂ ಸೇರಿಸುತ್ತದೆ. ಅದನ್ನು ಸಿಕ್ಕಿಸಿಯೇ ತೂಗಿ ನೋಡಿ.

– ಒಬ್ಬ ಓದುಗ