ಒಂದೇ ಹಸ್ತಪ್ರತಿ, ನಾಲ್ವರು ಪ್ರಕಾಶಕರು

ಸರಸ್ವತೀಪುರಂ, ಮೈಸೂರು

ಪ್ರಿಯ ಗೆಳೆಯರೆ,

ಮಂಡ್ಯದಿಂದ ನೀವು ಬರೆದ ಪತ್ರ ತಲುಪಿತು. ಮೊದಲ ಕಾದಂಬರಿಯನ್ನು ಏಕಕಾಲಕ್ಕೆ ನಾಲ್ವರು ಪ್ರಕಾಶಕರಿಗೆ ಕಳುಹಿಸಿದ್ದೀರಿ. ಅವರಲ್ಲೊಬ್ಬರು ಫೋನಿನಲ್ಲಿ ‘ಮಾಡೋಣ’ ಎಂದಿದ್ದಾರೆ. ಉಳಿದ ಮೂವರಿಗೆ ಏನು ಹೇಳುವುದು, ಹೇಳಲೇಬೇಕೆ ಎಂದು ಕೇಳಿದ್ದೀರಿ.

ಹೇಳಲೇಬೇಕು. ಆದರೆ ಹಲವರಿಗೆ ಕಳುಹಿಸಿದ್ದಕ್ಕಾಗಿ ನೀವು ಸಂಕೋಚಪಡಬೇಕಾದ ಕಾರಣವಿಲ್ಲ. ಕನ್ನಡದಲ್ಲಿ ಬಹುಪಾಲು ಪ್ರಕಾಶನಗಳನ್ನು ಒಬ್ಬಿಬ್ಬರೇ ನಡೆಸುತ್ತಾರೆ, ಹೊಸಬರ ಹಸ್ತಪ್ರತಿ ಓದಿಸಿಕೊಳ್ಳದೆ ತಿಂಗಳುಗಟ್ಟಲೆ ಕೂತಿರುವುದುಂಟು, ಲೇಖಕರ ಪರವಾಗಿ ವಿಚಾರಿಸಿಕೊಂಡು ಓಡಾಡುವ ಏಜೆಂಟರ ಪದ್ಧತಿಯೂ ನಮ್ಮಲ್ಲಿ ಬೆಳೆದಿಲ್ಲ. ಒಬ್ಬರ ಉತ್ತರ ಬರುವ ತನಕ ಕಾದು ಆಮೇಲೆ ಇನ್ನೊಬ್ಬರ ಬಾಗಿಲಿಗೆ ಹೋಗಿ ಎಂದು ನಿಮಗೆ ಹೇಳಲು ನನಗೆ ಮನಸ್ಸಿಲ್ಲ. ಹಸ್ತಪ್ರತಿಯ ಜೊತೆಗಿನ ಪತ್ರದಲ್ಲಿ ‘ಇದನ್ನು ಬೇರೆ ಪ್ರಕಾಶಕರ ಪರಿಶೀಲನೆಗೂ ಕಳುಹಿಸಿದ್ದೇನೆ, ಯಾರಾದರೂ ಒಪ್ಪಿದಲ್ಲಿ ಕೂಡಲೇ ತಿಳಿಸುತ್ತೇನೆ’ ಎಂಬ ಒಂದು ಸಾಲು ಇದ್ದರೆ ಸಾಕಿತ್ತು. ಆ ಬೇರೆಯವರು ಯಾರೆಂದು ಹೆಸರಿಸಬೇಕಾಗಿಲ್ಲ. ತಾವು ನೋಡುತ್ತಿರುವಾಗ ಮತ್ತೆಲ್ಲಿಗೂ ಕೊಡಬಾರದು ಎನ್ನುವ ಪ್ರಕಾಶಕರೂ ಇದ್ದಾರೆ. ಅಂಥವರಿಗೆ ಕೊಡುವಾಗ ಎಷ್ಟು ತಿಂಗಳಲ್ಲಿ ಉತ್ತರ ಬರುತ್ತದೆ ಎಂದು ಕೇಳಿಯೇ ಕೊಡಬೇಕು, ಕೊಟ್ಟ ಮೇಲೆ ಮಾತಿಗೆ ನಿಲ್ಲಬೇಕು.

ನಮ್ಮ ಪುಸ್ತಕಲೋಕ ಎಷ್ಟು ಚಿಕ್ಕದೆಂದು ಹೊರಗಿನಿಂದ ನೋಡುವವರಿಗೆ ತಿಳಿಯುವುದಿಲ್ಲ. ಕರಡು ತಿದ್ದುವವರು, ಮುಖಪುಟ ಬರೆಯುವವರು, ಅಭಿಪ್ರಾಯ ಹೇಳುವ ಹಿರಿಯರು ಹಲವು ಪ್ರಕಾಶನಗಳಿಗೆ ಅವರೇ ಆಗಿರುತ್ತಾರೆ. ಹಿಂದೊಮ್ಮೆ ಒಂದೇ ಕಾದಂಬರಿಯ ಎರಡು ಪ್ರತಿಗಳು ಇಬ್ಬರು ಪ್ರಕಾಶಕರಿಂದ ನನ್ನ ಅಭಿಪ್ರಾಯಕ್ಕೆ ಬಂದಿದ್ದವು. ಎರಡರ ಮೇಲೂ ‘ತಮ್ಮ ಪ್ರಕಾಶನವೊಂದನ್ನೇ ನಂಬಿ ಕಳುಹಿಸುತ್ತಿದ್ದೇನೆ’ ಎಂಬ ಒಕ್ಕಣೆಯ ಪತ್ರವಿತ್ತು. ಬೆಂಗಳೂರಿನವರಿಗೆ ಬರೆದ ಪತ್ರದ ಕೊನೆಯ ಪ್ಯಾರಾದಲ್ಲಿ ಧಾರವಾಡದ ಪ್ರಕಾಶನದ ಹೆಸರು ಅಳಿಸದೆ ಉಳಿದುಬಿಟ್ಟಿತ್ತು. ಕಾದಂಬರಿ ಕೆಟ್ಟದಾಗಿರಲಿಲ್ಲ, ಆದರೆ ಇಬ್ಬರೂ ಅದನ್ನು ಹಿಂತಿರುಗಿಸಿದರು.

ಹಿಂದೆಗೆಯುವುದಕ್ಕೂ ಒಂದು ಹೊತ್ತಿದೆ. ಪ್ರಕಾಶಕರು ಇನ್ನೂ ಓದುತ್ತಿರುವಾಗ ವಾಪಸು ಕೇಳಿದರೆ ಅವರಿಗೆ ಓದಿದ ಶ್ರಮವಷ್ಟೇ ನಷ್ಟ. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ) ಆಗಿ, ಕರಡು ಬಂದು, ಕಲಾವಿದರಿಗೆ ಮುಖಪುಟ ವಹಿಸಿದ ಮೇಲೆ ‘ಬೇರೆಯವರು ಒಪ್ಪಿದ್ದಾರೆ’ ಎಂದರೆ ಅದು ಅವರ ಕೈಯಿಂದ ಹಣ ಕಿತ್ತುಕೊಂಡಂತೆ. ಮುನ್ನುಡಿಗೂ ಇಬ್ಬರು ಹಿರಿಯರನ್ನು ಒಟ್ಟಿಗೆ ಕೇಳಬೇಡಿ. ಇನ್ನು ಕಾದಂಬರಿ ಸ್ಪರ್ಧೆಗಳು ಮತ್ತು ಧಾರಾವಾಹಿ ಪ್ರಕಟಿಸುವ ವಾರಪತ್ರಿಕೆಗಳ ವಿಚಾರ ಬೇರೆ: ಕೃತಿ ಅಪ್ರಕಟಿತವೆಂದೂ ಬೇರೆಡೆ ಪರಿಶೀಲನೆಯಲ್ಲಿಲ್ಲವೆಂದೂ ನೀವೇ ಬರೆದು ಸಹಿ ಮಾಡಿದ ಮೇಲೆ ಹಲವು ಕಡೆ ಎಂಬ ಮಾತೇ ಬರುವುದಿಲ್ಲ.

ಈಗ ನಿಮ್ಮ ‘ಮಾಡೋಣ’. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ನಿಮ್ಮ ಸಹಿ ಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ ಪ್ರದೇಶ ನಮೂದಿಸದಿದ್ದರೆ ಭಾರತವೆಂದೂ ತಿಳಿಯಲಾಗುತ್ತದೆ. ಆದ್ದರಿಂದ ಫೋನಿನ ಮಾತನ್ನು ನಂಬಿ ಇಂದೇ ಮೂವರಿಗೂ ಕೈ ಮುಗಿದುಬಿಡಬೇಡಿ. ಎಷ್ಟು ಪ್ರತಿ ಅಚ್ಚಾಗುತ್ತದೆ, ಗೌರವಧನ ರಾಯಲ್ಟಿಯ ರೂಪದಲ್ಲೋ ಪುಸ್ತಕದ ಪ್ರತಿಗಳ ರೂಪದಲ್ಲೋ, ನೀವೇ ಇಂತಿಷ್ಟು ಪ್ರತಿ ಕೊಳ್ಳಬೇಕೆಂಬ ಷರತ್ತಿದೆಯೋ ಎಂದು ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅದು ಕೈಸೇರುವ ಮೊದಲೇ ಉಳಿದವರಲ್ಲಿ ಯಾರಾದರೂ ಫೋನ್ ಮಾಡಿದರೆ, ಮಾತುಕತೆ ನಡೆದಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆದರೆ ಬೆಲೆ ಏರಿಸಿಕೊಳ್ಳುವುದಕ್ಕೆಂದು ಇಲ್ಲದ ಕೊಡುಗೆಯನ್ನು ಇದೆ ಎನ್ನಬೇಡಿ. ಅವರು ಪರಸ್ಪರ ಕೇಳಿಕೊಳ್ಳುತ್ತಾರೆ.

ಬರಹದಲ್ಲಿ ಒಪ್ಪಿಗೆ ಬಂದ ದಿನವೇ ಮೂವರಿಗೂ ಬೇರೆಬೇರೆಯಾಗಿ ಬರೆಯಿರಿ, ಒಂದೇ ವಾಟ್ಸಾಪ್ ಸಂದೇಶವನ್ನು ಎಲ್ಲರಿಗೂ ತಳ್ಳಬೇಡಿ. ಕಾದಂಬರಿ ಇಂಥಲ್ಲಿ ಸ್ವೀಕೃತವಾಗಿದೆ, ಪರಿಶೀಲನೆಯಿಂದ ಕೈಬಿಡಬೇಕಾಗಿ ವಿನಂತಿ, ಓದಲು ತೆಗೆದುಕೊಂಡ ಸಮಯಕ್ಕೆ ಋಣಿ ಎಂಬಷ್ಟು ಸಾಕು. ಮೊದಲ ಪತ್ರದಲ್ಲಿ ಹೇಳದೆ ಬಿಟ್ಟಿದ್ದಕ್ಕೆ ಒಂದು ಸಾಲಿನ ಕ್ಷಮೆಯನ್ನೂ ಸೇರಿಸಿ. ಮುದ್ರಿತ ಪ್ರತಿ ಕೊಟ್ಟಿದ್ದಲ್ಲಿ ಅದನ್ನು ವಾಪಸು ಕಳುಹಿಸುವ ಅಂಚೆ ವೆಚ್ಚ ನಿಮ್ಮದೇ.

ಇತಿ ನಿಮ್ಮ ವಿಶ್ವಾಸಿ