ಶಟರ್‌ಗೆ ಪೂಜೆ ಮಾಡಿ ಎಂದ ನಿಮ್ಮ ಸರ್ವಿಸ್ ವಿಭಾಗಕ್ಕೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಮಳೆಗಾಲದ ನಂತರ ಗ್ಯಾರೇಜ್ ಶಟರ್ ತಪಾಸಣೆಗೆ ಬಾರದೇ ಇದ್ದದ್ದು, ಸೆನ್ಸರ್ ಕೆಲಸ ಮಾಡದ ಹಾಗೆ ಮಾಡಿ ಹೋದದ್ದು, ಕೊನೆಗೆ ಒಪ್ಪಂದವನ್ನೇ ರದ್ದು ಮಾಡಿದ್ದು.

ಮಾನ್ಯರೇ,

ನಿಮ್ಮ ಮೊನ್ನೆಯ ಇಮೇಲ್ ಓದಿದೆ. "ಹೊರಗಿನ ವ್ಯಕ್ತಿಯಿಂದ ರಿಪೇರಿ ಮಾಡಿಸಿರುವುದರಿಂದ ನಿಮ್ಮ ಸರ್ವಿಸ್ ಒಪ್ಪಂದ ರದ್ದಾಗಿದೆ." ಇಷ್ಟೇ. ಕೆಳಗೆ ನಗುವ ಕುಟುಂಬದ ಫೋಟೊ, ನಿಮ್ಮ ಸುರಕ್ಷತೆಯೇ ನಮ್ಮ ಕಾಳಜಿ ಅಂತ ಒಂದು ಸಾಲು. ಇಷ್ಟು ದಿನ ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಈಗ ಪತ್ರ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಅಂತಲೇ ಕೂತಿದ್ದೇನೆ. ಎಷ್ಟು ದೂರ ಆಗುತ್ತೋ ನೋಡೋಣ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಕೊಡೆ ಮಡಚಿಡುವಷ್ಟು ಕಡಿಮೆಯೂ ಅಲ್ಲ. ಇದು ನಿಮ್ಮ ಸೇಲ್ಸ್ ಹುಡುಗನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಂದದ್ದೇ ಆರಿದ್ರಾ ಮಳೆಯಲ್ಲಿ. ಜಗಲಿಯಲ್ಲಿ ಕೂತು ಕಷಾಯ ಕುಡಿದು, "ಇದು ಮಲೆನಾಡಿಗೆ ಅಂತಲೇ ಮಾಡಿದ ಶಟರ್ ಅಮ್ಮ, ಗ್ಯಾಲ್ವನೈಸ್ ಪಟ್ಟಿ, ತುಕ್ಕಿನ ಮಾತೇ ಇಲ್ಲ" ಅಂದ. ಜೊತೆಗೆ ವಾರ್ಷಿಕ ಒಪ್ಪಂದ, ಜಿಎಸ್‌ಟಿ ಸೇರಿ ₹5,900. ಮುಂಗಾರಿಗೆ ಮೊದಲು ಒಂದು ಭೇಟಿ, ಮಳೆ ಬಿಟ್ಟ ಮೇಲೆ ಒಂದು ಭೇಟಿ. ಆ ಎರಡನೇ ಭೇಟಿಯಲ್ಲಿ ಏನೇನು ನೋಡಬೇಕು ಅಂತ ನೀವೇ ಅಚ್ಚು ಹಾಕಿಸಿದ್ದೀರಿ. ಶಟರ್ ಜಾರುವ ಎರಡು ಬದಿಯ ಗೈಡ್ ಚಾನೆಲ್ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆಯಬೇಕು. ಬೇರಿಂಗ್‌ಗೆ ಗ್ರೀಸ್ ಹಾಕಬೇಕು. ಸ್ಪ್ರಿಂಗ್ ಬ್ಯಾಲೆನ್ಸ್, ಶಟರ್ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಲಿಮಿಟ್ ಸ್ವಿಚ್, ಅಡ್ಡ ಏನಾದರೂ ಇದ್ದರೆ ಶಟರನ್ನು ವಾಪಸ್ ಮೇಲೆ ಕಳಿಸುವ ಸೆನ್ಸರ್, ಕೆಳಗಿನ ರಬ್ಬರ್ ನೋಡಬೇಕು. ತುಂಬಾ ಚೆನ್ನಾಗಿ ಬರೆದಿದ್ದೀರಿ. ಓದುವುದಕ್ಕೆ ನಿಮ್ಮಲ್ಲಿ ಯಾರಿಗೂ ಪುರುಸೊತ್ತಿಲ್ಲ, ಅಷ್ಟೇ.

ಮುಂಗಾರಿನ ಮುಂಚಿನ ಭೇಟಿ ಆಗಲೇ ಇಲ್ಲ. ಅದನ್ನು ಬಿಟ್ಟುಬಿಡುತ್ತೇನೆ. ಶ್ರಾವಣದಲ್ಲಿ ಶಟರ್ ಕೆಳಗೆ ಬರುತ್ತಾ ಬರುತ್ತಾ ವಾಪಸ್ ಮೇಲೆ ಹೋಗಲು ಶುರು ಮಾಡಿತು. ನೆಲದಿಂದ ಅರ್ಧ ಅಡಿ ಎತ್ತರದಲ್ಲಿರುವ ಸೆನ್ಸರ್ ಕಣ್ಣಿನ ಮೇಲೆ ನೀರ ಹನಿ, ಒಳಗಡೆ ಬೂಷ್ಟು. ಒರೆಸಿದರೆ ಒಂದು ದಿನ ಸರಿ, ಮಾರನೇ ದಿನ ಮತ್ತೆ ಅದೇ. ಫೋನ್ ಮಾಡಿದ ಮೇಲೆ ಒಬ್ಬ ಹುಡುಗ ಬಂದ. ಕಾಟಾಚಾರಕ್ಕೆ ಮೇಲೆ ಕೆಳಗೆ ನೋಡಿದ. ಸೆನ್ಸರ್ ಬದಲಾಯಿಸಲಿಲ್ಲ. ಕಂಟ್ರೋಲ್ ಬಾಕ್ಸ್ ತೆಗೆದು ಸೆನ್ಸರ್‌ನ ಎರಡು ವೈರ್‌ಗಳನ್ನು ಒಂದಕ್ಕೊಂದು ತಿರುಚಿ ಕಪ್ಪು ಟೇಪ್ ಸುತ್ತಿದ. ಅಂದರೆ ಸೆನ್ಸರ್ ಇದ್ದೂ ಇಲ್ಲದ ಹಾಗೆ ಮಾಡಿದ. ಚಾನೆಲ್‌ಗೆ ಡಬ್ಬಿಯಿಂದ ಕರಿ ಗ್ರೀಸ್ ಮೆತ್ತಿದ. "ಈಗ ನೋಡಿ, ಸುಯ್ ಅಂತ ಹೋಗುತ್ತೆ" ಅಂದು ಸಹಿ ಹಾಕಿಸಿಕೊಂಡು ಹೋದ.

ಸುಯ್ ಅಂತಲೇ ಹೋಯಿತು. ಅದೇ ಭಯ. ಅವತ್ತು ಸಂಜೆ ನಿಮ್ಮದೇ ಪುಸ್ತಕದಲ್ಲಿ ಹೇಳಿದ ಹಾಗೆ ಬಾಗಿಲಿನ ಕೆಳಗೆ ಒಂದು ಮರದ ತುಂಡು ಇಟ್ಟು ಬಟನ್ ಒತ್ತಿದೆ. ತಾಗಿದ ತಕ್ಷಣ ಶಟರ್ ಮೇಲೆ ಹೋಗಬೇಕು. ಹೋಗಲಿಲ್ಲ. ಮರದ ತುಂಡನ್ನು ಒತ್ತಿಕೊಂಡು ಮೋಟಾರ್ ಗುರ್ ಅನ್ನುತ್ತಲೇ ಇತ್ತು. ನಾನೇ ಸ್ವಿಚ್ ಆಫ್ ಮಾಡಬೇಕಾಯಿತು. ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗು ಇದೆ. ಆ ಮರದ ತುಂಡಿನ ಜಾಗದಲ್ಲಿ ಏನಿರಬಹುದಿತ್ತು ಅಂತ ನಾನು ಬರೆಯುವುದಿಲ್ಲ. ನಿಮ್ಮ ಮನೆಯಲ್ಲೂ ಮಕ್ಕಳಿರುತ್ತಾರೆ ಅಲ್ವಾ?

ಮಳೆ ಬಿಟ್ಟಿತು. ತಪಾಸಣೆಗೆ ಯಾರೂ ಬರಲಿಲ್ಲ. ಆಮೇಲೆ ಆಯುಧಪೂಜೆ ಬಂತು.

ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ. ನಿಮ್ಮ ಹತ್ತಿರ ಕರೆಗಳ ರೆಕಾರ್ಡಿಂಗ್ ಇರುತ್ತದೆ ಅಂತ ಪ್ರತಿ ಸಲವೂ ಹೇಳುತ್ತೀರಿ. ತೆಗೆದು ಕೇಳಿ.

ಬೆಳಿಗ್ಗೆ ಕಾರು ತೊಳೆಯಲು ಬಟನ್ ಒತ್ತಿದರೆ ಶಟರ್ ಮೊಣಕಾಲೆತ್ತರಕ್ಕೆ ಬಂದು ನಿಂತಿತು. ಕೈ ಚೈನ್ ಎಳೆದರೆ ಬಲಗಡೆ ಏರುತ್ತೆ, ಎಡಗಡೆ ಕಚ್ಚಿಕೊಳ್ಳುತ್ತೆ. ಕಾರು ಒಳಗೆ. ಚೆಂಡುಹೂವಿನ ಮಾಲೆ, ಬೂದುಗುಂಬಳಕಾಯಿ ಹೊರಗೆ. ಸಾಗರದಿಂದ ನಾದಿನಿ ಮನೆಯವರು ಬಂದಿದ್ದರು, ಪಕ್ಕದ ಮನೆಯವರೂ ಇದ್ದರು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಕಟ್ಟೆ ಮೇಲೆ ಮೊಬೈಲ್ ಇಟ್ಟು ಸ್ಪೀಕರ್ ಹಾಕಿಯೇ ಮಾತಾಡಬೇಕು. ಹಾಗಾಗಿ ಎಲ್ಲರೂ ಕೇಳಿಸಿಕೊಂಡರು.

"ನಮಸ್ಕಾರ ಮೇಡಂ, ಮನೆಯಲ್ಲಿ ಸರ್ ಇದ್ದಾರಾ?"

"ನಾನೇ ಹೇಳ್ತೀನಿ. ಶಟರ್ ಬಿಲ್ ನನ್ನ ಹೆಸರಲ್ಲೇ ಇದೆ."

"ಅದು ಸರಿ ಮೇಡಂ. ಇದು ಸ್ವಲ್ಪ ಟೆಕ್ನಿಕಲ್. ಸರ್‌ಗೆ ಕೊಟ್ಟರೆ ಬೇಗ ಆಗುತ್ತೆ."

ಬೇಗ ಆಗಲಿ ಅಂತ ನಮ್ಮ ಯಜಮಾನರನ್ನು ಕರೆದೆ. ಅವರು ತೋಟದಲ್ಲಿ ಕೊಳೆರೋಗ ಬಂದ ಅಡಿಕೆ ಮರವನ್ನು ದೂರದಿಂದಲೇ ತೋರಿಸಬಲ್ಲರು. ಶಟರ್‌ನ ಬಟನ್ ಯಾವ ಗೋಡೆಯಲ್ಲಿದೆ ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ. ನಿಮ್ಮವರು ಕೇಳಿದರು, "ಸರ್, ಯಾವ ಕಡೆ ಜಾಮ್ ಆಗಿದೆ?" ಇವರು ನನ್ನ ಮುಖ ನೋಡಿದರು. ಎಡಗಡೆ ಚಾನೆಲ್ ಅಂದೆ. ಇವರು ಫೋನಿಗೆ, "ಎಡಗಡೆ ಚಾನೆಲ್ ಅಂತೆ" ಅಂದರು. "ಕರೆಕ್ಟಾಗಿ ಹೇಳಿದ್ರಿ ಸರ್! ಮೋಟಾರ್ ಸೌಂಡ್ ಬರ್ತಿದೆಯಾ?" ಬರ್ತಿದೆ, ಲೋಡ್ ಜಾಸ್ತಿಯಾಗಿ ಟ್ರಿಪ್ ಆಗ್ತಿದೆ ಅಂದೆ. "ಲೋಡ್ ಜಾಸ್ತಿಯಾಗಿ ಅದೇನೋ ಆಗ್ತಿದೆಯಂತೆ." "ವೆರಿ ಗುಡ್ ಸರ್, ನಿಮಗೆ ಚೆನ್ನಾಗಿ ನಾಲೆಡ್ಜ್ ಇದೆ." ನಾನು ಅಲ್ಲೇ, ಅವರ ಪಕ್ಕದಲ್ಲೇ ನಿಂತಿದ್ದೆ. ನನ್ನ ಧ್ವನಿ ನಿಮ್ಮವರಿಗೆ ಕೇಳುತ್ತಲೂ ಇತ್ತು. ಎಲ್ಲ ಮೆಚ್ಚುಗೆ ಸರ್‌ಗೆ. ನಾದಿನಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಅಷ್ಟಾದರೂ ಸಹಿಸಿದೆ. ಆಮೇಲೆ ನಿಮ್ಮವರು, "ಸರ್, ಸ್ಪ್ಯಾನರ್ ಇದ್ದರೆ ಸ್ಟೂಲ್ ಹತ್ತಿ ಸೈಡ್ ಪ್ಲೇಟ್ ಬೋಲ್ಟ್ ಸ್ವಲ್ಪ ಲೂಸ್ ಮಾಡಿ" ಅಂದರು. ಇವರು ಸ್ಟೂಲ್ ತರಲು ಹೊರಟೇಬಿಟ್ಟರು. ನಾನು ಫೋನ್ ಕಿತ್ತುಕೊಂಡೆ. ಶಾಫ್ಟ್‌ನ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಬೋಲ್ಟ್ ಬಿಚ್ಚಿದರೆ ಸಿಡಿದು ಕೈ ಮುರಿಯಬಹುದು, ತರಬೇತಿ ಪಡೆದವರಲ್ಲದೆ ಬೇರೆಯವರು ಮುಟ್ಟಲೇಬಾರದು. ಇದು ನನ್ನ ಸಂಶೋಧನೆ ಅಲ್ಲ, ನಿಮ್ಮ ಪುಸ್ತಕದಲ್ಲೇ ಕೆಂಪು ತ್ರಿಕೋನ ಹಾಕಿ ಬರೆದದ್ದು. ಓದಿ ಹೇಳಿದೆ.

"ಅದು ಬುಕ್ಕಲ್ಲಿ ಹಾಗೇ ಹಾಕಿರ್ತಾರೆ ಮೇಡಂ."

ಹಾಗಾದರೆ ಯಾರನ್ನಾದರೂ ಕಳಿಸಿ ಅಂದೆ. "ಇವತ್ತು ಹಬ್ಬ, ಯಾರೂ ಇಲ್ಲ. ಅಲ್ಲ ಮೇಡಂ, ಅಷ್ಟು ಮಳೆ ಬರೋ ಊರಲ್ಲಿ ಇಂಥ ಶಟರ್ ಯಾಕೆ ಹಾಕಿಸಿದ್ರಿ?" ನಾನು ಸುಮ್ಮನಾದೆ. ಅದಕ್ಕೆ ಏನು ಉತ್ತರ ಕೊಡೋದು? ಅವರು ಅಲ್ಲಿಗೇ ಬಿಡಲಿಲ್ಲ. "ಹೇಗೂ ಆಯುಧಪೂಜೆ ಅಲ್ವಾ? ಶಟರ್‌ಗೇ ಒಂದು ಪೂಜೆ ಮಾಡ್ಬಿಡಿ, ಸರಿಹೋಗುತ್ತೆ." ಅಂದು ನಕ್ಕರು. ಆ ಕಡೆ ಇನ್ಯಾರೋ ನಕ್ಕದ್ದೂ ಕೇಳಿಸಿತು. ಈ ಕಡೆ ಅಂಗಳದಲ್ಲಿ ನಮ್ಮ ನೆಂಟರೂ ನಕ್ಕರು. ಫೋನ್ ಇಟ್ಟ ಕೂಡಲೇ ಮೆಸೇಜ್ ಬಂತು: ನಿಮ್ಮ ದೂರು ಬಗೆಹರಿದಿದೆ, ದಯವಿಟ್ಟು ರೇಟಿಂಗ್ ಕೊಡಿ.

ಸಂಜೆ ನಮ್ಮೂರ ವೆಲ್ಡಿಂಗ್ ಹುಡುಗನನ್ನು ಕರೆಸಿದೆ. ಅವನು ಸ್ಪ್ರಿಂಗ್ ಮುಟ್ಟಲಿಲ್ಲ, ಬೋಲ್ಟ್ ಮುಟ್ಟಲಿಲ್ಲ. "ಅದು ನಂಗೆ ಬರಲ್ಲ ಅಕ್ಕ" ಅಂದ. ಅಷ್ಟು ಪ್ರಾಮಾಣಿಕತೆ ಸಾಕು ನನಗೆ. ಒಂದು ಚಪ್ಪಟೆ ಕಬ್ಬಿಣದ ಪಟ್ಟಿಗೆ ಬಟ್ಟೆ ಸುತ್ತಿ ಎಡಗಡೆ ಚಾನೆಲ್ ಒಳಗೆ ಆಡಿಸಿದ. ನಿಮ್ಮ ಹುಡುಗ ಮೆತ್ತಿದ ಗ್ರೀಸ್ ಉಂಡೆ ಉಂಡೆಯಾಗಿ ಬಂತು. ಅದರಲ್ಲಿ ಈಸಲು ಹುಳದ ರೆಕ್ಕೆಗಳು ಪದರ ಪದರವಾಗಿ ಅಂಟಿಕೊಂಡಿದ್ದವು. ಮೇಲಕ್ಕೆ ಹೋದಂತೆ ಕಣಜ ಕಟ್ಟಿದ ಮಣ್ಣಿನ ಗೂಡು, ಒಣಗಿ ಗಟ್ಟಿಯಾದದ್ದು. ಅಲ್ಲೇ ಶಟರ್ ಪಟ್ಟಿಯ ತುದಿ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಒಡೆದು ತೆಗೆದು ಚೈನ್ ಎಳೆದ. ಶಟರ್ ಎದ್ದಿತು. ಚಾನೆಲ್‌ಗೆ ಗ್ರೀಸ್ ಯಾಕೆ ಹಾಕಬಾರದು, ಒಣ ಸಿಲಿಕಾನ್ ಯಾಕೆ ಅಂತ ಈಗ ನಮ್ಮ ನಾದಿನಿಗೂ ಗೊತ್ತು.

ಈ ಒರೆಸಿದ ಕೆಲಸಕ್ಕೆ ನಿಮ್ಮ ಇಮೇಲ್ "ಹೊರಗಿನ ವ್ಯಕ್ತಿಯಿಂದ ರಿಪೇರಿ" ಅನ್ನುತ್ತದೆ. ನನ್ನ ಗಂಡ ಸ್ಟೂಲ್ ಹತ್ತಿ ಸ್ಪ್ರಿಂಗ್ ಬೋಲ್ಟ್ ಬಿಚ್ಚಿದ್ದರೆ ಒಪ್ಪಂದ ಭದ್ರವಾಗಿರುತ್ತಿತ್ತು. ಒಬ್ಬ ಹುಡುಗ ಬಟ್ಟೆಯಲ್ಲಿ ಮಣ್ಣು ಒರೆಸಿದ್ದಕ್ಕೆ ರದ್ದು. ಈ ಲೆಕ್ಕ ನನಗೆ ಯಾರಾದರೂ ಬಿಡಿಸಿ ಹೇಳಿ. ಬೇಕಾದರೆ ಸರ್‌ಗೆ ಹೇಳಿ, ಅವರು ನನಗೆ ಹೇಳುತ್ತಾರೆ.

ಶಟರ್‌ಗೆ ಬಂದ ತುಕ್ಕಿನ ಬಗ್ಗೆ ಕೇಳಿದ್ದಕ್ಕೆ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪ್ ಒಳಗಿಟ್ಟಿರುತ್ತೀರಿ, ಅದರಲ್ಲಿರುವ ಮೈಲುತುತ್ತ ತಿಂದಿದೆ ಅಂದಿದ್ದೀರಿ. ಮೈಲುತುತ್ತ ಗ್ಯಾಲ್ವನೈಸ್ ಪಟ್ಟಿಯ ಸತುವಿನ ಲೇಪ ತಿನ್ನುತ್ತದೆ, ನಿಜ. ಅಡಿಕೆ ಬೆಳೆಯುವವರಿಗೆ ಅದನ್ನು ಹೇಳಿಕೊಡಬೇಡಿ. ನಮ್ಮ ಪಂಪ್ ಇರುವುದು ಕೊಟ್ಟಿಗೆಯಲ್ಲಿ. ತುಕ್ಕು ಬಂದಿರುವುದು ನೀರು ನಿಲ್ಲುವ ಕೆಳಗಿನ ರಬ್ಬರ್ ಹಿಂದೆ, ಮತ್ತು ನೀವು ಕೊರೆದ ಸ್ಕ್ರೂ ತೂತುಗಳ ಸುತ್ತ. ಮೊದಲು ಬಿಳಿ ಪುಡಿ, ಆಮೇಲೆ ಕೆಂಪು. ಫೋಟೊ ಲಗತ್ತಿಸಿದ್ದೇನೆ.

ನನಗೆ ಬೇಕಾದದ್ದು ಇಷ್ಟು. ಒಪ್ಪಂದ ಮತ್ತೆ ಜಾರಿಗೆ ಬರಬೇಕು. ಸೆನ್ಸರ್ ಹೊಸದು ಹಾಕಿ ಆ ಟೇಪ್ ಸುತ್ತಿದ ವೈರ್ ಬಿಡಿಸಬೇಕು. ನನ್ನ ಮುಂದೆಯೇ ಮರದ ತುಂಡು ಇಟ್ಟು ತೋರಿಸಬೇಕು. ಮೋಟಾರ್ ಬಿಡಿಸಿ ಬಾಗಿಲನ್ನು ಅರ್ಧಕ್ಕೆ ನಿಲ್ಲಿಸಿದಾಗ ಅದು ಅಲ್ಲೇ ನಿಲ್ಲುತ್ತಾ, ಜಾರುತ್ತಾ ನೋಡಬೇಕು. ಬರುವವರಿಗೆ ನನ್ನ ಜೊತೆ ಮಾತಾಡಲು ಮೊದಲೇ ಹೇಳಿ ಕಳಿಸಿ.

ದೀಪಾವಳಿಯೊಳಗೆ ಇದು ಆಗದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಮೇಲೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ನಿಮ್ಮ ಆಫೀಸ್ ಬೆಂಗಳೂರಲ್ಲಿದೆ, ಈಯಮ್ಮ ಅಲ್ಲಿಗೆ ಬರ್ತಾಳಾ ಅಂತ ನಿಶ್ಚಿಂತೆಯಿಂದ ಇರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗೆ ಫೀಸೂ ಇಲ್ಲ. ನೀವು ಬರಬೇಕು ಇಲ್ಲಿಗೆ. ಕರೆಯ ರೆಕಾರ್ಡಿಂಗ್ ಹಾಜರುಪಡಿಸಿ ಅಂತ ನಾನೇ ಕೇಳುತ್ತೇನೆ. ಆ ಪೂಜೆ ಮಾಡಿ ಅಂದ ಮಾತನ್ನು ಆಯೋಗದವರ ಮುಂದೆ ಸ್ಪೀಕರ್‌ನಲ್ಲೇ ಹಾಕಿಸೋಣ.

ಇನ್ನೊಂದು. ನಿಮ್ಮ ಸೇಲ್ಸ್ ಹುಡುಗ ನಮ್ಮ ಪಕ್ಕದ ತೋಟದವರ ಅಡಿಕೆ ಗೋದಾಮಿಗೆ ದೊಡ್ಡ ಶಟರ್ ಹಾಕಿಸುತ್ತೇನೆ ಅಂತ ಓಡಾಡುತ್ತಿದ್ದಾನೆ. ಆಯುಧಪೂಜೆ ದಿನ ಅವರೂ ನಮ್ಮ ಅಂಗಳದಲ್ಲೇ ಇದ್ದರು. ಕೊಟೇಶನ್ ಹಿಡಿದುಕೊಂಡು ಬಂದರೆ ಅವರೇ ಉತ್ತರ ಕೊಡುತ್ತಾರೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಇಂತಿ,
ಬಿಲ್‌ನಲ್ಲಿ ಹೆಸರಿರುವ ಮೇಡಂ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ